ಹೊರಪೆಟ್ಟಿಗೆಗೆ ಕಾಯದ ಯಂತ್ರ

ಪೊನ್ನಂಪೇಟೆಯ ಕಚೇರಿಯಲ್ಲಿ ನಾನು ಕೂರುತ್ತಿದ್ದ ಕುರ್ಚಿಗೆ ಈಗ ಹೊಸಬರೊಬ್ಬರು ಬಂದಿದ್ದಾರೆ. ನಾನು ಕೆಲಸ ಬಿಟ್ಟಿದ್ದೇನೆ. ನಿವೃತ್ತಿ ಎಂದು ಹೇಳಿಕೊಳ್ಳುವ ವಯಸ್ಸು ನನ್ನದಲ್ಲ, ಆದರೆ ಆ ಕೆಲಸದಿಂದ ಮಾತ್ರ ಪೂರ್ತಿ ನಿವೃತ್ತಳಾಗಿದ್ದೇನೆ. ಬಿಟ್ಟ ಕಾರಣ ನನ್ನ ಸ್ವಂತದ್ದು, ಇಲ್ಲಿ ಅದರ ಅಗತ್ಯವಿಲ್ಲ. ಈ ಕೆಲಸಕ್ಕೆ ಬರುವವರಿಗೆ ಕಂಪ್ಯೂಟರ್ ಗೊತ್ತಿದ್ದರೆ ಸಾಕು ಎಂದು ನೇಮಕಾತಿಯ ಸಮಯದಲ್ಲಿ ಹೇಳುತ್ತಾರೆ. ನನಗೂ ಹೇಳಿದ್ದರು. ಪ್ಲಗ್ಗಿನ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅದು ಕಾಫಿ ಬೆಳೆಗಾರರ ಒಂದು ಸಣ್ಣ ಸಂಘ. ತಿತಿಮತಿ ಕಡೆಯ ಕಾಡಂಚಿನ ತೋಟಗಳಲ್ಲಿ ಮರಗಳಿಗೆ ಕ್ಯಾಮೆರಾ ಕಟ್ಟಿದ್ದಾರೆ. ಆನೆ ಕಂಡರೆ ಅವು ಚಿತ್ರ ಕಳಿಸುತ್ತವೆ. ಕಚೇರಿಯ ಯಂತ್ರ ಆ ಚಿತ್ರ ನೋಡಿ, ಯಾವ ತೋಟದ ಬಳಿ ಆನೆ ಇದೆಯೆಂದು ಲೆಕ್ಕಹಾಕಿ, ಅಲ್ಲಿಯ ರೈಟರಿಗೂ ಲೈನ್ ಮನೆಗಳಲ್ಲಿರುವ ಕೆಲಸದವರಿಗೂ ಮೊಬೈಲ್ ಸಂದೇಶ ಕಳಿಸುತ್ತದೆ. ರೈಟರ್ ಎಂದರೆ ತೋಟದಲ್ಲಿ ಬೆಳಗ್ಗೆ ಹಾಜರಿ ಕೂಗಿ ಕೆಲಸ ಹಂಚುವವರು. ಆ ಹಾಜರಿಗೆ ಮಸ್ಟರ್ ಎನ್ನುತ್ತಾರೆ. ಮಸ್ಟರಿಗೆ ಮುಂಚೆ ಸಂದೇಶ ಬಂದರೆ ಆ ಕಡೆಗೆ ಆಳು ಬಿಡುವುದಿಲ್ಲ. ಬಾರದಿದ್ದರೆ ಬಿಡುತ್ತಾರೆ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಯಂತ್ರದಲ್ಲಿ ಮೂರು ಡಿಸ್ಕ್‌ಗಳನ್ನು ಒಂದೇ ಡಿಸ್ಕ್‌ನಂತೆ ಕೆಲಸ ಮಾಡುವ ಹಾಗೆ ಜೋಡಿಸಿದ್ದರು. ಇದಕ್ಕೆ ಡಿಸ್ಕ್ ಅರೇ ಎಂದು ಹೆಸರು. ಮೂರರಲ್ಲಿ ಒಂದು ಕೆಟ್ಟರೆ ಉಳಿದೆರಡು ಸೇರಿ ಅದರಲ್ಲಿದ್ದದ್ದನ್ನು ಹೇಳಬಲ್ಲವು. ಎರಡು ಹೋದರೆ ಎಲ್ಲವೂ ಹೋಯಿತು. ಚಿತ್ರಗಳು, ಯಾವ ತೋಟಕ್ಕೆ ಯಾವ ಫೋನ್ ಎಂಬ ಪಟ್ಟಿ, ಎಲ್ಲ ಇದ್ದದ್ದು ಈ ಅರೇಯ ಮೇಲೆ. ಎರಡು ಡಿಸ್ಕ್‌ಗಳು ಯಂತ್ರದ ಹೊಟ್ಟೆಯಲ್ಲಿದ್ದವು. ಮೂರನೆಯದಕ್ಕೆ ಒಳಗೆ ಜಾಗ ಸಾಲದೆ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಬೇರೆ ಪ್ಲಗ್ ಕೊಟ್ಟಿದ್ದರು. ನಾವು ಅದನ್ನು ಹೊರಪೆಟ್ಟಿಗೆ ಎನ್ನುತ್ತಿದ್ದೆವು.

ಯಂತ್ರಕ್ಕೆ ಕರೆಂಟ್ ಬಂದೊಡನೆ ಅದು ಓದಿಕೊಂಡು ಮಾಡಬೇಕಾದ ಕೆಲಸಗಳ ಸಾಲುಗಳೇ ಬೂಟ್ ಸ್ಕ್ರಿಪ್ಟ್. ಅದನ್ನು ಯಂತ್ರದ ಮಸ್ಟರ್ ಎಂದುಕೊಳ್ಳಿ. ಒಳ್ಳೆಯ ರೈಟರ್ ಹೆಸರು ಕೂಗುತ್ತಾರೆ, ಬಾರದವರಿಗೆ ಸ್ವಲ್ಪ ಕಾಯುತ್ತಾರೆ, ಆಮೇಲೂ ಬಾರದಿದ್ದರೆ ಮೇಲಿನವರಿಗೆ ತಿಳಿಸುತ್ತಾರೆ. ನನಗೆ ಸಿಕ್ಕ ಸ್ಕ್ರಿಪ್ಟ್ ಹೆಸರು ಕೂಗಿದ ಮರುಕ್ಷಣವೇ, ಬಂದಷ್ಟು ಜನರನ್ನು ಕರೆದುಕೊಂಡು ಹೊರಟುಬಿಡುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಆಮೇಲೆ ಮೂರನೆಯ ಡಿಸ್ಕ್ ನಿಧಾನವಾಗಿ ಬಂದಾಗ, ಅದನ್ನು ಹೊಸಬನೆಂದು ತಿಳಿದು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಅದಕ್ಕೆ ಮತ್ತೆ ತುಂಬಿಸುತ್ತಿತ್ತು. ಈ ತುಂಬಿಸುವಿಕೆ ಗಂಟೆಗಟ್ಟಲೆ ನಡೆಯುತ್ತದೆ. ಅಷ್ಟು ಹೊತ್ತೂ ಒಳಗಿನ ಎರಡು ಡಿಸ್ಕ್‌ಗಳು ಬಿಡುವಿಲ್ಲದೆ ತಿರುಗಬೇಕು. ವರ್ಷಕ್ಕೊಮ್ಮೆ ಆದರೆ ಸರಿ. ನಮ್ಮಲ್ಲಿ ಗುಡುಗಿದಾಗಲೆಲ್ಲ ಆಗುತ್ತಿತ್ತು.

ಆ ಸಾಲುಗಳನ್ನು ಬರೆದವರು ನನಗಿಂತ ಮೊದಲು ಅಲ್ಲಿದ್ದ ನವೀನ್. ಅವರು ಕೆಲಸ ಬಿಟ್ಟು ಗೋಣಿಕೊಪ್ಪಲಿನ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದರು. ಸಂತೆಯ ದಿನ ಹೋಗಿ ಕೇಳಿದೆ.

"ಡಿಸ್ಕ್ ಸಿಗದಿದ್ರೂ ನಡೆಸು ಅಂತ ಒಂದು ಸಾಲು ಹಾಕಿದ್ದೀರಲ್ಲ, ಅದರ ಕೆಳಗೆ ಎಚ್ಚರಿಕೆಯ ಸದ್ದನ್ನೂ ಬಂದ್ ಮಾಡಿದ್ದೀರಿ. ಯಾಕೆ?"

ನವೀನ್ ನಕ್ಕುಬಿಟ್ಟರು. "ಓ, ಅದಾ ಮೇಡಂ! ಅದು ಅಧ್ಯಕ್ಷರ ನಿದ್ದೆಗೋಸ್ಕರ ಹಾಕಿದ್ದು. ಊಟ ಆದ್ಮೇಲೆ ಅವ್ರು ಒಂಚೂರು ಒರಗ್ತಾರಲ್ಲ, ಸರಿಯಾಗಿ ಆವಾಗ್ಲೇ ಇದು ಕೀಂಯ್ ಕೀಂಯ್ ಅಂತ ಶುರು ಮಾಡ್ತಿತ್ತು. 'ನವೀನಾ, ಇದರ ಬಾಯಿ ಮುಚ್ಸು' ಅಂದ್ರು. ಮುಚ್ಸಿದೆ."

"ಬಾಯಿ ಮುಚ್ಸಿದ್ರಿ, ಸರಿ. ಕಾಯಿಲೆ?"

"ಕಾಯಿಲೆ ನೋಡೋಕೆ ನೀವು ಬಂದಿದ್ದೀರಲ್ಲ! ನಿಮ್ಮ ಫೋನಿಗೊಂದು ಗ್ಲಾಸ್ ಹಾಕ್ಲಾ? ಗೀರು ಬಿದ್ದುಂಟು."

ಗ್ಲಾಸ್ ಹಾಕಿಸಿಕೊಂಡು ಬಂದೆ.

ಅಧ್ಯಕ್ಷರೆಂದರೆ ಪೂವಯ್ಯನವರು. ತಿತಿಮತಿಯ ಬಳಿ ಅವರದೇ ತೋಟವಿದೆ. ಕೆಟ್ಟ ಮನುಷ್ಯರಲ್ಲ, ಈ ಸೇವೆ ಶುರುವಾದದ್ದೇ ಅವರ ಓಡಾಟದಿಂದ. ಆದರೆ ಒಂದು ವಿಷಯದಲ್ಲಿ ಅವರನ್ನು ಅಲುಗಾಡಿಸಲು ಆಗುತ್ತಿರಲಿಲ್ಲ. "ನಡೀತಾ ಉಂಟಲ್ಲಮ್ಮ, ಎಂತಕ್ಕೆ ಮುಟ್ಟೋದು? ಹಿಂದೆ ಒಂದ್ಸಲ ನವೀನ ಎಂತದೋ ತಿದ್ದೋಕೆ ಹೋಗಿ, ನಮ್ಮ ಕೆಲಸ ನೋಡೋಕೆ ದೊಡ್ಡ ಸಾಹೇಬ್ರು ಬಂದ ದಿನವೇ ನಕ್ಷೆಯ ಟಿ.ವಿ. ಕಪ್ಪಾಗಿ ಕೂತಿತ್ತು." ಅಂದಿನಿಂದ ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬದಲಿಸಬೇಕಾದರೂ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಸ್ಕ್ರಿಪ್ಟ್ ಎಂದರೆ ನಾಟಕದ್ದೇ ಎಂದು ಕೇಳಿದವರೂ ಇದ್ದರು. ನಾನು ಬರೆದುಕೊಟ್ಟ ಮನವಿ ಪ್ರತಿ ಸಭೆಯಲ್ಲೂ ಕೊನೆಯ ವಿಷಯವಾಗಿ ಬಂದು, ಊಟದ ಹೊತ್ತಾಯಿತೆಂದು ಮುಂದಕ್ಕೆ ಹೋಗುತ್ತಿತ್ತು.

ಇನ್ನು ಪ್ಲಗ್ಗಿನ ವಿಷಯ. ಕೊಡಗಿನಲ್ಲಿ ಗುಡುಗಿದರೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ಎಲ್ಲರಿಗೂ ಅಭ್ಯಾಸ. ಕಚೇರಿಯ ಅಟೆಂಡರ್ ಜಾನಕಿ ಅಕ್ಕ ಹಿಂದಿನ ಕ್ವಾರ್ಟರ್ಸ್‌ನಲ್ಲೇ ಇರುತ್ತಿದ್ದುದರಿಂದ ಮೊದಲ ಗುಡುಗಿಗೇ ಓಡಿಬಂದು ಎಲ್ಲವನ್ನೂ ಕೀಳುತ್ತಿದ್ದಳು. ಅದನ್ನು ತಪ್ಪೆನ್ನಲಾರೆ. ಸಿಡಿಲಿಗೆ ಸುಟ್ಟ ಯಂತ್ರವನ್ನು ಯಾವ ಸ್ಕ್ರಿಪ್ಟೂ ಎಬ್ಬಿಸುವುದಿಲ್ಲ. ತೊಂದರೆ ಇದ್ದದ್ದು ಬೆಳಗ್ಗೆ ಮತ್ತೆ ಹಾಕುವಾಗ. ಊದುಬತ್ತಿ ಹಚ್ಚಿ, ಮೊದಲು ಅಧ್ಯಕ್ಷರ ಕೋಣೆಯ ಸ್ವಿಚ್, ಆಮೇಲೆ ಗೋಡೆಯ ದೊಡ್ಡ ಟಿ.ವಿ., ಆಮೇಲೆ ದೊಡ್ಡ ಯಂತ್ರ, ಕಟ್ಟಕಡೆಗೆ ಹೊರಪೆಟ್ಟಿಗೆ. ಅಷ್ಟು ಹೊತ್ತಿಗೆ ಸ್ಕ್ರಿಪ್ಟ್ ಮಸ್ಟರ್ ಮುಗಿಸಿ ಹೊರಟಾಗಿರುತ್ತಿತ್ತು.

"ಜಾನಕಿ ಅಕ್ಕ, ಚಿಕ್ಕ ಪೆಟ್ಟಿಗೆಗೆ ಮೊದಲು ಹಾಕಿ ಅಂತ ಎಷ್ಟು ಸಲ ಹೇಳಿದ್ದೇನೆ?"

"ಅದ್ಹೇಗೆ ಮೇಡಂ? ದೊಡ್ಡವ್ರಿಗೆ ಬಡಿಸ್ದೆ ಚಿಕ್ಕವ್ರಿಗೆ ಬಡಿಸೋದುಂಟಾ?"

"ಇದು ಊಟ ಅಲ್ಲ."

"ಕರೆಂಟ್ ಅದರ ಊಟ ಅಲ್ವಾ ಮತ್ತೆ?"

ಪ್ಲಗ್ಗುಗಳ ಮೇಲೆ ಒಂದು, ಎರಡು ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಕೆಲವು ವಾರ ಸರಿಯಾಗಿ ನಡೆಯಿತು. ಆಯುಧಪೂಜೆ ಬಂತು. ಕಚೇರಿಯ ಜೀಪಿಗೆ, ತೂಕದ ಯಂತ್ರಕ್ಕೆ, ಕಂಪ್ಯೂಟರಿಗೆ, ಪ್ಲಗ್ಗುಗಳಿಗೂ ಗಂಧ ಕುಂಕುಮ ಬಿತ್ತು. ಅಂಕಿಗಳು ಕಾಣದಾದವು. ಒರೆಸಲು ಹೋದರೆ ಜಾನಕಿ ಅಕ್ಕ ಕೈ ಹಿಡಿದಳು. "ಪೂಜೆ ಮಾಡಿದ್ದನ್ನ ಒರೆಸ್ತಾರಾ ಯಾರಾದ್ರೂ?" ಅಧ್ಯಕ್ಷರೂ ಅವಳ ಪರ ನಿಂತರು.

ಯು.ಪಿ.ಎಸ್. ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅದಕ್ಕೆ ಟಿ.ವಿ. ಮತ್ತು ನೀರಿನ ಫಿಲ್ಟರ್ ಸಿಕ್ಕಿಸಿದ್ದರು. ಕರೆಂಟ್ ಹೋದಾಗ ಟಿ.ವಿ. ಆರಿದರೆ ನೋಡಲು ಬಂದವರು ಏನೆಂದುಕೊಳ್ಳುತ್ತಾರೆ ಎಂಬುದು ಅಧ್ಯಕ್ಷರ ಚಿಂತೆ. ಆ ಟಿ.ವಿ.ಯಲ್ಲಿ ತೋಟಗಳ ನಕ್ಷೆ, ಮೇಲೊಂದು ದುಂಡನೆಯ ದೀಪ. ಸಂದೇಶ ಕಳಿಸುವಲ್ಲಿ ಏನಾದರೂ ತಪ್ಪಾದರೆ ಕೆಂಪು, ಇಲ್ಲದಿದ್ದರೆ ಹಸಿರು.

ಯಂತ್ರ ಮಾರಿದ ಕಂಪನಿಯವರಿಗೂ ಫೋನ್ ಮಾಡಿದೆ. ಮೈಸೂರಿನಿಂದ ಒಬ್ಬರು ಬಹಳ ಸೌಜನ್ಯದಿಂದ ಮಾತಾಡಿದರು.

"ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಮೇಡಂ."

"ರೀಸ್ಟಾರ್ಟ್ ಆದಾಗಲೇ ಹೀಗಾಗೋದು. ಅದೇ ನನ್ನ ದೂರು."

"ಹೌದಾ? ಹಾಗಾದ್ರೆ ಎರಡು ಸಲ ಮಾಡಿ."

ಈ ಸಂಭಾಷಣೆಯನ್ನು ನಾನು ಹುಟ್ಟಿಸಿಕೊಂಡು ಬರೆಯುತ್ತಿಲ್ಲ. ಇಂಥವು ನಿಮಗೂ ಕಾದಿವೆ.

ಬ್ಯಾಕಪ್‌ಗೆಂದು ಬೇರೊಂದು ಡಿಸ್ಕ್ ಕೇಳಿದ್ದೆ. ಒಪ್ಪಿಗೆ ಸಿಕ್ಕಿತ್ತು, ಡಿಸ್ಕ್ ಸಿಕ್ಕಿರಲಿಲ್ಲ.

ಆ ವರ್ಷ ಹೂಮಳೆ ಬೇಗ ಬಂತು. ಬೇಸಿಗೆಯ ಮೊದಲ ಮಳೆ ಬಿದ್ದರೆ ಕಾಫಿಯ ಮೊಗ್ಗುಗಳು ಅರಳುತ್ತವೆ. ಬೆಳೆಗಾರರಿಗೆ ಅದಕ್ಕಿಂತ ಸಂತೋಷ ಇನ್ನೊಂದಿಲ್ಲ. ಆದರೆ ಕೆಲವು ತೋಟಗಳಲ್ಲಿ ರೊಬಸ್ಟಾ ಹಣ್ಣು ಕೊಯ್ದು ಮುಗಿದಿರಲಿಲ್ಲ. ಹೂ ಅರಳುವ ಮೊದಲು ಕೊಯ್ದು ಮುಗಿಸಲೇಬೇಕು. ಮಳೆಯ ಹಿಂದಿನ ದಿನಗಳಲ್ಲೂ ಮೋಡ ಗುಡುಗಿ ಜಾನಕಿ ಅಕ್ಕ ಪ್ಲಗ್ ಕಿತ್ತಿದ್ದಳು. ಹಾಗಾಗಿ ಮಳೆ ಬಂದ ಮಧ್ಯಾಹ್ನ ಯಂತ್ರ ಹೊರಪೆಟ್ಟಿಗೆಯ ಡಿಸ್ಕ್‌ಗೆ ಮತ್ತೆ ತುಂಬಿಸುತ್ತಾ ಇತ್ತು. ಅರ್ಧ ಆಗಿತ್ತು. "ಮುಗಿಯುವವರೆಗೆ ಕೀಳಬೇಡಿ" ಎನ್ನುವಷ್ಟರಲ್ಲಿ ಸಿಡಿಲು ಹತ್ತಿರದಲ್ಲೇ ಬಡಿಯಿತು. ಜಾನಕಿ ಅಕ್ಕ ಕಿತ್ತಳು. ಆ ಸಿಡಿಲಿನ ಎದುರು ನಾನಾದರೂ ಕೀಳುತ್ತಿದ್ದೆ. ಹೊರಗೆ ಪೂವಯ್ಯನವರು ಮಳೆಯಲ್ಲಿ ತೋಯುತ್ತಾ ನಿಂತು, "ಬಂತಲ್ಲ, ಬಂತಲ್ಲ!" ಎಂದು ಯಾರಿಗೋ ಫೋನಿನಲ್ಲಿ ಕೂಗುತ್ತಿದ್ದರು.

ಮರುದಿನ ಬೆಳಗ್ಗೆ ನಾನು ಕಚೇರಿಗೆ ಬಂದಾಗ ದೀಪ ಹಸಿರಾಗಿತ್ತು. ಊದುಬತ್ತಿಯ ವಾಸನೆ ಇನ್ನೂ ಇತ್ತು. ಆಗ ಫೋನ್ ಬಂತು. ತಿತಿಮತಿಯ ಒಂದು ತೋಟದ ರೈಟರ್ ಕುಶಾಲಪ್ಪ.

"ಮೇಡಂ, ನಿಮ್ಮ ಮೆಸೇಜ್ ಎಲ್ಲುಂಟು?" ಏದುಸಿರು ಬಿಡುತ್ತಿದ್ದರು. "ಆನೆ ಇಲ್ಲುಂಟು, ಮೆಸೇಜ್ ಎಲ್ಲುಂಟು?"

ಕುಶಾಲಪ್ಪ ಕೊಯ್ಲು ಮುಗಿಸುವ ಅವಸರದಲ್ಲಿ ಬೇಗ ಮಸ್ಟರ್ ಮಾಡಿ, ಹೆಂಗಸರನ್ನು ತೋಟದ ಕೆಳಗಿನ ಬ್ಲಾಕಿಗೆ ಕಳಿಸಿದ್ದರು. ಅಲ್ಲಿ ಆನೆ ನಿಂತಿತ್ತು. ಎಲ್ಲರೂ ಓಡಿದರು. ಸೆಲ್ವಿ ಎಂಬಾಕೆ ಗಿಡಗಳ ನಡುವಿನ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಳು. ಆನೆ ಅವಳ ಪಕ್ಕದಲ್ಲೇ, ಅವಳು ಬಿಟ್ಟ ಕೊಯ್ಲಿನ ಚೀಲವನ್ನು ತುಳಿದುಕೊಂಡು, ದಾಟಿ ಹೋಯಿತು.

ಯಂತ್ರದ ಮುಂದೆ ಕೂತು ನೋಡಿದೆ. ಒಳಗಿನ ಡಿಸ್ಕ್‌ಗಳಲ್ಲಿ ಒಂದು ಸತ್ತಿತ್ತು. ಹೊರಪೆಟ್ಟಿಗೆಯದು ಅರ್ಧ ತುಂಬಿದ್ದು, ಅದೂ ಎಂದಿನಂತೆ ತಡವಾಗಿ ಬಂದಿತ್ತು. ಅರೇ ಏಳಲೇ ಇಲ್ಲ. ಆದರೂ ಸ್ಕ್ರಿಪ್ಟ್ ಮುಂದುವರಿದಿತ್ತು. ಅರೇ ಇರಬೇಕಾದ ಜಾಗದಲ್ಲಿ ಒಂದು ಖಾಲಿ ಫೋಲ್ಡರ್ ಇರುತ್ತದೆ. ಮನೆ ಬಿದ್ದುಹೋದರೂ ಬಾಗಿಲು ಮಾತ್ರ ನಿಂತ ಹಾಗೆ. ಸಂದೇಶ ಕಳಿಸುವ ಪ್ರೋಗ್ರಾಂ ಆ ಬಾಗಿಲಿನೊಳಗೆ ಹೋಗಿ ಫೋನ್ ಪಟ್ಟಿ ಹುಡುಕಿತು. ಪಟ್ಟಿಯಲ್ಲಿ ಯಾರೂ ಇಲ್ಲ. ಕ್ಯಾಮೆರಾ ಆನೆಯ ಚಿತ್ರ ಕಳಿಸಿತ್ತು. ಪ್ರೋಗ್ರಾಂ ಅದನ್ನು ಆನೆಯೆಂದು ಸರಿಯಾಗಿಯೇ ಗುರುತಿಸಿ, ಯಾರೂ ಇಲ್ಲದ ಪಟ್ಟಿಗೆ ಸಂದೇಶ ಕಳಿಸಿ, ಒಂದೂ ತಪ್ಪಾಗಿಲ್ಲವೆಂದು ವರದಿ ಕೊಟ್ಟಿತ್ತು. ಅದಕ್ಕೇ ದೀಪ ಹಸಿರು. ಅಷ್ಟು ಹಸಿರನ್ನು ನಾನು ಹೂಮಳೆಯ ನಂತರದ ತೋಟದಲ್ಲೂ ಕಂಡಿಲ್ಲ.

ಸಂಜೆ ಗೋಣಿಕೊಪ್ಪಲಿನ ಆಸ್ಪತ್ರೆಗೆ ಹೋದೆ. ಸೆಲ್ವಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಳು. ನಾನು ಯಾರೆಂದು ಹೇಳಿದೆ.

"ಮೆಸೇಜ್ ಮೇಡಮ್ಮಾ ನೀವು?" ಎಂದಳು. ಕೋಪವಿರಲಿಲ್ಲ. "ನಾನು ಕೇಳ್ದೆ ಮೇಡಂ, ಆನೆ ಉಂಟಾ ರೈಟ್ರೇ ಅಂತ. ಲದ್ದಿ ವಾಸನೆ ಬಂದಂಗಾಯ್ತು ನಂಗೆ. ಅವ್ರು ಫೋನ್ ತೆಗ್ದು ನೋಡಿದ್ರು. 'ಮೆಸೇಜ್ ಇಲ್ಲ, ನಡಿ ನಡಿ' ಅಂದ್ರು. ಫೋನೇ ಆನೆ ಇಲ್ಲ ಅಂದ್ಮೇಲೆ ನಾನೆಂತ ಹೇಳೋದು?"

ಆ ಮಾತಿನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಅವಳ ಮೇಲಲ್ಲ. ನಮ್ಮ ಯಂತ್ರ ಬರುವ ಮೊದಲು ಆ ವಾಸನೆಗೆ ಕುಶಾಲಪ್ಪ ನಿಂತುಬಿಡುತ್ತಿದ್ದರು. ಇಬ್ಬರು ಗಂಡಸರನ್ನು ಮುಂದೆ ಬಿಟ್ಟು, ಪಟಾಕಿ ಹೊಡೆಸಿ, ಆಮೇಲೆ ಹೆಂಗಸರನ್ನು ಕಳಿಸುತ್ತಿದ್ದರು. ನಾವು ಅವರಿಗೆ ಕೊಟ್ಟದ್ದು ಆನೆಯ ಸುದ್ದಿಯನ್ನಷ್ಟೇ ಅಲ್ಲ. ಸುದ್ದಿ ಬಾರದಿದ್ದರೆ ಆನೆ ಇಲ್ಲ ಎಂಬ ನಂಬಿಕೆಯನ್ನೂ ಕೊಟ್ಟಿದ್ದೆವು. ಅದನ್ನು ಕೊಡುವ ಯೋಗ್ಯತೆ ಆ ಸ್ಕ್ರಿಪ್ಟಿಗೆ ಇರಲಿಲ್ಲ.

ಸಮಿತಿ ಸೇರಿತು. ಈ ಸಲ ನನ್ನ ವಿಷಯ ಮೊದಲು ಬಂತು.

"ಡಿಸ್ಕ್ ಕೆಟ್ಟೋಯ್ತು. ಮೂರಕ್ಕೂ ಹೊಸದು ತರ್ಸಿ ಆಯ್ತು. ಮುಗೀತಲ್ಲ?" ಎಂದರು ಪೂವಯ್ಯನವರು.

"ಡಿಸ್ಕ್ ತಾನಾಗಿ ಕೆಡ್ಲಿಲ್ಲ ಸಾರ್. ನಾವು ಕೆಡಿಸಿದ್ದು. ಇದೇ ಸ್ಕ್ರಿಪ್ಟ್ ಇದ್ರೆ ಹೊಸದನ್ನೂ ಕೆಡಿಸ್ತೇವೆ."

"ಸರಿ, ಎಂತ ಮಾಡ್ಬೇಕು ಹೇಳು."

ಹೇಳಿದೆ. ಮೂರೂ ಡಿಸ್ಕ್ ಬರುವವರೆಗೆ ಸ್ಕ್ರಿಪ್ಟ್ ಕಾಯಬೇಕು. ಅರೇ ಏಳದೆ ಪ್ರೋಗ್ರಾಂ ಶುರುವಾಗಕೂಡದು. ಫೋನ್ ಪಟ್ಟಿಯ ಒಂದು ಪ್ರತಿ ಅರೇಯ ಹೊರಗೂ ಇರಬೇಕು. ಇಷ್ಟಕ್ಕೆ ಯಾರದೂ ತಕರಾರಿರಲಿಲ್ಲ. ಕೊನೆಯದಕ್ಕೆ ಗಲಾಟೆಯಾಯಿತು. ಪ್ರತಿದಿನ ಮಸ್ಟರಿಗೆ ಮುಂಚೆ, ಯಂತ್ರ ಮತ್ತೆ ಶುರುವಾದಾಗಲೂ, ಎಲ್ಲ ತೋಟಗಳಿಗೂ ಒಂದು ಸಂದೇಶ ಹೋಗಬೇಕು. ಎಲ್ಲ ಸರಿಯಿದ್ದರೆ "ಇವತ್ತು ಕಣ್ಣಿದೆ." ಇಲ್ಲದಿದ್ದರೆ "ಇವತ್ತು ಕಣ್ಣಿಲ್ಲ, ನೀವೇ ನೋಡಿಕೊಂಡು ಹೋಗಿ." ಎರಡೂ ಬಾರದಿದ್ದರೆ ಕಣ್ಣಿಲ್ಲವೆಂದೇ ತಿಳಿದು ಆಳು ಬಿಡಬಾರದು.

"ಬೆಳಗ್ಗೆ ಬೆಳಗ್ಗೆ ನಾವು ಕುರುಡ್ರು ಅಂತ ಊರಿಗೆಲ್ಲ ಸಾರ್ತೀಯಾ?" ಪೂವಯ್ಯನವರು ಎದ್ದೇ ನಿಂತರು. "ಸಂಘದ ಮರ್ಯಾದೆ ಎಂತ ಆಗ್ಬೇಕು?"

ಕುಶಾಲಪ್ಪನನ್ನು ಆ ದಿನ ಕರೆಸಿದ್ದರು, ಬಹುಶಃ ಬೈಯಲು. ಅವರು ಗೋಡೆಯ ಬಳಿ ನಿಂತೇ ಇದ್ದರು.

"ಕಣ್ಣಿಲ್ಲ ಅಂತ ಹೇಳಿ ಸಾರ್," ಎಂದರು. "ಹೇಳಿದ್ರೆ ನಾವು ನಮ್ಮ ಕಣ್ಣು ತಕ್ಕೊಂಡು ಹೋಗ್ತೇವೆ. ಅವತ್ತು ನಿಮ್ಮ ಕಣ್ಣು ನಂಬಿ ನಮ್ಮದನ್ನ ಮನೇಲಿಟ್ಟು ಹೋದದ್ದು."

ಪೂವಯ್ಯನವರು ಕೂತರು. "ಮಾಡು ಮಾರಾಯ್ತಿ, ಎಂತ ಬೇಕಾದ್ರೂ ಮಾಡು. ಆ ಕೀಂಯ್ ಅನ್ನೋದೊಂದು ಬೇಡ."

ಕೀಂಯ್ ಬೇಕಾಗಿರಲಿಲ್ಲ. ಮಾಡಿದೆ. ಹಳೆಯ ಚಿತ್ರಗಳೆಲ್ಲ ಹೋಗಿದ್ದವು. ಫೋನ್ ಪಟ್ಟಿಯನ್ನು ತೋಟ ತೋಟಕ್ಕೂ ಫೋನ್ ಮಾಡಿ ಮತ್ತೆ ಕಟ್ಟಿದೆ. ಜಾನಕಿ ಅಕ್ಕನಿಗೆ ಪ್ಲಗ್ಗಿನ ಕ್ರಮ ಹೇಳಿಕೊಡುವುದನ್ನು ಬಿಟ್ಟೆ. ಮುಂದೆ ಬರುವವರಿಗೆ ಇದೊಂದು ಮಾತು: ಜನ ನಿಮ್ಮ ಯಂತ್ರಕ್ಕಾಗಿ ಅಭ್ಯಾಸ ಬದಲಿಸುತ್ತಾರೆಂದು ನಂಬಿ ಒಂದು ಸಾಲನ್ನೂ ಬರೆಯಬೇಡಿ. ದೊಡ್ಡವರಿಗೆ ಮೊದಲು ಬಡಿಸುವ ಮನೆಯಲ್ಲಿ ದೊಡ್ಡ ಯಂತ್ರಕ್ಕೆ ಕಾಯುವುದು ಗೊತ್ತಿರಬೇಕು, ಅಷ್ಟೆ.

ಆಮೇಲೆ ನಾನು ಅಲ್ಲಿದ್ದಷ್ಟು ಕಾಲ ಡಿಸ್ಕ್ ಸಾಯಲಿಲ್ಲ. "ಕಣ್ಣಿಲ್ಲ" ಎಂಬ ಸಂದೇಶ ಹಲವು ಸಲ ಹೋಯಿತು. ಹೋದಾಗಲೆಲ್ಲ ಪೂವಯ್ಯನವರು ನನ್ನ ಮುಖ ನೋಡದೆ ಒಳಗೆ ಹೋಗುತ್ತಿದ್ದರು. ಕುಶಾಲಪ್ಪ ಪಟಾಕಿಯ ಪೊಟ್ಟಣ ಮತ್ತೆ ಹೊರಗೆ ತೆಗೆದಿದ್ದರು. ಸೆಲ್ವಿ ಕುಂಟುತ್ತಾ ಕೊಯ್ಲಿಗೆ ಬಂದಳು. ನಾನು ಕೆಲಸ ಬಿಟ್ಟೆ. ಸಂದೇಶ ಹೋಗುವ ಪಟ್ಟಿಯಿಂದ ನನ್ನ ಹೆಸರನ್ನು ತೆಗೆಯಲು ಹೊಸಬರಿಗೆ ಹೇಳಲಿಲ್ಲ.

ಕುಶಾಲನಗರದ ಹತ್ತಿರದ ನಮ್ಮ ಮನೆಯಲ್ಲಿ ಬೆಳಗಿನ ಆ ಸಂದೇಶ ನನಗೆ ಗಡಿಯಾರದಂತಾಗಿತ್ತು. ಮೊನ್ನೆ ಒಂದು ದಿನ ಅದು ಬರಲಿಲ್ಲ. ಬಿಸಿಲು ಏರಿದರೂ ಇಲ್ಲ. ಕುಶಾಲಪ್ಪನಿಗೆ ಫೋನ್ ಮಾಡಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಪೂವಯ್ಯನವರ ಫೋನ್ ಬಂತು. ಕೆಲಸ ಬಿಟ್ಟ ಮೇಲೆ ಅದೇ ಮೊದಲು.

"ಏನಮ್ಮ, ಇದೆಂತ ಮಾಡಿಟ್ಟು ಹೋಗಿದ್ದೀಯಾ? ನನ್ನ ತೋಟದಲ್ಲೇ ಒಬ್ರೂ ಕೆಲಸಕ್ಕೆ ಹೊರಡ್ತಾ ಇಲ್ಲ! ಲೈನಲ್ಲಿ ಚಾ ಕುಡೀತಾ ಕೂತಿದ್ದಾರೆ. ನನ್ನ ರೈಟ್ರಿಗೆ ಕೇಳಿದ್ರೆ, 'ಮೆಸೇಜ್ ಬರ್ಲಿಲ್ಲ ಸಾರ್, ಬಿಡೋದಿಲ್ಲ' ಅಂತಾನೆ. ಆ ಕುಶಾಲಪ್ಪನ ಕಡೆಯೂ ಹಾಗೇ ಅಂತೆ. ತಿತಿಮತಿ ಕಡೆ ಎಲ್ಲ ತೋಟದಿಂದಲೂ ಫೋನು ನಂಗೇ!"

"ಮೆಸೇಜ್ ಯಾಕೆ ಬರ್ಲಿಲ್ಲ ಸಾರ್?"

"ದಿನಾ ಬೆಳಗ್ಗೆ ಟಿಂಗ್ ಅಂತ ಎಬ್ಬಿಸ್ತಾ ಇತ್ತು. ಹೊಸ ಹುಡುಗನ ಹತ್ರ ನಾನೇ ಹೇಳಿ ನಿಲ್ಲಿಸ್ದೆ."

ನಾನು ಹೇಳಬೇಕಾದದ್ದನ್ನು ಲೈನ್ ಮನೆಗಳಲ್ಲಿ ಚಹಾ ಕುಡಿಯುತ್ತಾ ಕೂತಿದ್ದವರು ಹೇಳುತ್ತಿದ್ದರು.

"ಆ ಸಾಲು ವಾಪಸ್ ಹಾಕಿ ಯಂತ್ರ ಮತ್ತೆ ಶುರು ಮಾಡೋಕೆ ಹೇಳಿ ಸಾರ್," ಎಂದೆ.

ಸ್ವಲ್ಪ ಹೊತ್ತಿಗೆ ಫೋನ್ ಟಿಂಗ್ ಎಂದಿತು. "ಇವತ್ತು ಕಣ್ಣಿಲ್ಲ. ಒಂದು ಡಿಸ್ಕ್ ಬಂದಿಲ್ಲ, ಕಾಯುತ್ತಿದೆ. ನೀವೇ ನೋಡಿಕೊಂಡು ಹೋಗಿ." ಮತ್ತೆ ಶುರು ಮಾಡುವಾಗ ಜಾನಕಿ ಅಕ್ಕ ಅವತ್ತೂ ದೊಡ್ಡದಕ್ಕೇ ಮೊದಲು ಪ್ಲಗ್ ಹಾಕಿರಬೇಕು. ನಾನು ಪಾತ್ರೆ ತೊಳೆದು ಒರಗಿಸಿಡುವಷ್ಟರಲ್ಲಿ ಇನ್ನೊಂದು ಬಂತು.

"ಇವತ್ತು ಕಣ್ಣಿದೆ."